ಹೆಂಡತಿಯ ಹಿಂದೆ ಹೊರಟ ಮೇಷ್ಟ್ರು

ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಹೆಂಡತಿಗೆ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಆಗ ಅವಳು ಮಂಡ್ಯದ ಒಂದು ಆಸ್ಪತ್ರೆಯಲ್ಲಿದ್ದಳು. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದಿನಾ ಬೆಳಗ್ಗೆ ಮಂಡ್ಯದಲ್ಲಿ ರೈಲು ಹತ್ತಿ ಹೋಗಿ ಸಂಜೆ ವಾಪಸ್ಸು ಬರುತ್ತಿದ್ದೆ. ಅವಳಿಗೆ ಅಲ್ಲೇ ನೆಲೆಸುವ ವೀಸಾ, ಅವಳ ಗಂಡನೆಂಬ ಕಾರಣಕ್ಕೆ ನನಗೂ ಒಂದು ಎಂದು ಮಾತಾಯಿತು. ಅದುವರೆಗೆ ಅವಳನ್ನು ಸೂಜಿ ಚುಚ್ಚುವವಳು ಎನ್ನುತ್ತಿದ್ದ ನಮ್ಮ ನೆಂಟರು ಒಂದೇ ವಾರದಲ್ಲಿ ಡಾಕ್ಟ್ರಮ್ಮ ಎನ್ನತೊಡಗಿದರು. ನನಗೆ ಅಂಥ ಬಡ್ತಿಯೇನೂ ಸಿಗಲಿಲ್ಲ. ಹೆಂಡತಿಯ ಹಿಂದೆ ಹೊರಟ ಮೇಷ್ಟ್ರು ಎಂದು ಹೆಸರಾಯಿತು.

ಮೊದಲ ತೊಡಕು, ನಮಗೆ ಮದುವೆಯಾಗಿದೆಯೆಂದು ತೋರಿಸುವುದು. ಮಳವಳ್ಳಿಯಲ್ಲಿ ನಮ್ಮ ಮಾವನ ಮನೆ ಮುಂದೆ ಚಪ್ಪರ ಹಾಕಿ, ಊರೆಲ್ಲ ಉಂಡು ಎಲೆ ಎತ್ತಿದ್ದ ಮದುವೆ. ಅಮೆರಿಕದವರಿಗೆ ಅದು ಸಾಲದು, ಸರ್ಕಾರದ ಮೊಹರು ಬಿದ್ದ ಕಾಗದ ಬೇಕಂತೆ. ಮದುವೆಯಾಗಿ ಐದು ವರ್ಷದ ಮೇಲೆ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ, ಮದುವೆ ನೋಂದಾಯಿಸಲು ಮಳವಳ್ಳಿಗೆ ಹೋದೆವು.

ಕಚೇರಿಯ ಗುಮಾಸ್ತರು ಲಗ್ನಪತ್ರಿಕೆ ಕೇಳಿದರು. ಅದರಲ್ಲಿ ಯಾವತ್ತೋ ಕಡಲೆಕಾಯಿ ಕಟ್ಟಿ ಮುಗಿಸಿದ್ದೆವು. ಫೋಟೋ ಕೇಳಿದರು. ಇದ್ದದ್ದು ಒಂದೇ. ಧಾರೆಯ ಹೊತ್ತಿಗೆ ತೆಗೆದದ್ದು. ಅದರಲ್ಲಿ ಹುಡುಗಿ ಚೆನ್ನಾಗಿ ಕಾಣುತ್ತಿದ್ದಳು, ಮದುವೆ ಮಾಡಿಸಿದ ಪುರೋಹಿತರೂ ಕಾಣುತ್ತಿದ್ದರು. ನನ್ನ ಮುಖ ಇರಬೇಕಾದ ಜಾಗದಲ್ಲಿ ನಮ್ಮ ಸೋದರಮಾವನ ರುಮಾಲು ಇತ್ತು. ಗುಮಾಸ್ತರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನನ್ನು ನೋಡಿದರು, ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

"ಇವರನ್ನೇ ಏನಮ್ಮ ನೀವು ಮದ್ವೆ ಆಗಿರೋದು?"

"ಐದು ವರ್ಷದಿಂದ ಇವರೇ ಬಂದು ಉಣ್ತಾವ್ರೆ," ಎಂದಳು ನನ್ನ ಹೆಂಡತಿ. "ಬೇರೆಯೋರಾಗಿದ್ರೆ ಇಷ್ಟೊತ್ಗೆ ಗೊತ್ತಾಗ್ತಿತ್ತು."

ಒಂದೆರಡು ಮಕ್ಕಳಿದ್ದಿದ್ದರೆ ಸಾಕ್ಷಿಗೆ ಸುಲಭವಾಗುತ್ತಿತ್ತು ಎಂದು ಗುಮಾಸ್ತರು ಕನಿಕರಪಟ್ಟರು. ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಳು. ಕೊನೆಗೆ ಪುರೋಹಿತರನ್ನೇ ಮನೆಯಿಂದ ಕರೆತಂದೆವು. ಅವರಿಗೆ ಮದುವೆ ಚೆನ್ನಾಗಿ ನೆನಪಿತ್ತು. ಹೋಳಿಗೆಗೆ ತುಪ್ಪ ಸಾಲದೆ ಬಂದದ್ದು ನೆನಪಿತ್ತು, ಹೆಣ್ಣಿನ ಕಡೆಯವರು ದಕ್ಷಿಣೆಯಲ್ಲಿ ಕೈ ಬಿಗಿಹಿಡಿದದ್ದೂ ನೆನಪಿತ್ತು. ಗಂಡು ಯಾರೆಂಬುದು ಮಾತ್ರ ಸ್ಪಷ್ಟವಿರಲಿಲ್ಲ. ಆದರೂ ಸಹಿ ಮಾಡಿದರು. ಹೀಗೆ ನಾನು ಅಧಿಕೃತವಾಗಿ ಗಂಡನಾದೆ.

ಮದ್ರಾಸಿನ ಕಾನ್ಸುಲೇಟಿಗೆ ಬರಹೇಳಿದ ಪತ್ರ ಬಂದದ್ದೇ ತಡ, ನಮ್ಮ ಹೆಡ್ಮಾಸ್ಟರು ಬೀಳ್ಕೊಡುಗೆ ಇಟ್ಟುಬಿಟ್ಟರು. ವೀಸಾ ಕೈಗೆ ಬರಲಿ ಎಂದೆ, ಕೇಳಲಿಲ್ಲ. ಅಮೆರಿಕಕ್ಕೆ ಹೋಗುವ ಮೇಷ್ಟ್ರನ್ನು ಕಳುಹಿಸಿಕೊಟ್ಟ ಹೆಡ್ಮಾಸ್ಟರು ಅನ್ನಿಸಿಕೊಳ್ಳುವ ಅವಸರ ಅವರಿಗಿತ್ತು. ಹಾರ ಹಾಕಿದರು, ಒಂದು ಸೂಟ್‌ಕೇಸು ಕೊಟ್ಟರು. ಮಡದಿಯ ಏಳಿಗೆಗಾಗಿ ತನ್ನ ವೃತ್ತಿಯನ್ನೇ ತ್ಯಾಗ ಮಾಡಿದ ಗಂಡಸು ಎಂದು ಭಾಷಣದಲ್ಲಿ ಹೊಗಳಿದರು. ಹಿಂದಿನ ಸಾಲಿನಲ್ಲಿ ಡ್ರಿಲ್ ಮೇಷ್ಟ್ರು ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದರು. ಅಳುವಿಗಲ್ಲ.

ಮದ್ರಾಸಿನಲ್ಲಿ ಕಾನ್ಸುಲೇಟಿನವರು ಹೇಳಿದ ಡಾಕ್ಟರ ಹತ್ತಿರ ಎದೆಯ ಎಕ್ಸ್‌ರೇ ತೆಗೆಸಿ, ಮಾರನೆಯ ದಿನ ಅಧಿಕಾರಿಯ ಮುಂದೆ ಕೂತೆವು. ಅಲ್ಲಿ ಹೋಗಿ ಏನು ಮಾಡುತ್ತೀಯ ಎಂದು ಕೇಳಿದ. ಪಾಠ ಮಾಡುತ್ತೇನೆ ಎಂದೆ. ಯಾವ ಭಾಷೆಯಲ್ಲಿ ಎಂದು ಕೇಳಿದ. ಅವನಿಗೆ ಅರ್ಥವಾಗಲೆಂದು, ಇಂಗ್ಲಿಷಿನಲ್ಲಿ ಎಂಬ ಉತ್ತರವನ್ನೇ ಎರಡು ಸಲ ಹೇಳಿದ ಮೇಲೆ, ಅವನು ಕೇಳಿದ್ದರಲ್ಲಿ ನ್ಯಾಯವಿದೆ ಅನ್ನಿಸಿತು. ಹೆಂಡತಿಯ ಕಾಗದಕ್ಕೆ ಮೊಹರು ಬಿತ್ತು. ನನ್ನ ಎಡ ಶ್ವಾಸಕೋಶದಲ್ಲಿ ಒಂದು ಕಲೆ ಇದೆಯಂತೆ. ಕಫ ಪರೀಕ್ಷೆಯಾಗಬೇಕು, ಕೆಲವು ತಿಂಗಳು ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯಬೇಕು, ಅಲ್ಲಿಯವರೆಗೆ ನನಗೆ ವೀಸಾ ಇಲ್ಲ.

ಅದು ಚಿಕ್ಕಂದಿನಲ್ಲಿ ಬಂದು ವಾಸಿಯಾದ ಕಾಯಿಲೆಯ ಗುರುತು ಎಂದು ನನ್ನ ಹೆಂಡತಿ ಅವನಿಗೆ ಬಿಡಿಸಿ ಹೇಳಿದಳು. ಅವನು ನಗುನಗುತ್ತಲೇ ಒಪ್ಪಿಕೊಂಡು ನನ್ನ ಫೈಲನ್ನು ಬೇರೆ ರಾಶಿಗೆ ಹಾಕಿದ.

ಅವಳ ವೀಸಾಕ್ಕೆ ಗಡುವಿತ್ತು. ನನಗಾಗಿ ಕಾದರೆ ಅದು ಸತ್ತು, ಎಲ್ಲವನ್ನೂ ಮೊದಲಿಂದ ಮಾಡಬೇಕಿತ್ತು. ವಾಪಸ್ಸು ಬರುವಾಗ ರೈಲಿನಲ್ಲಿ, ನೀವಿಲ್ಲದೆ ನಾನು ಹೋಗೋದಿಲ್ಲ ಎಂದಳು. ಛೇ, ಹೋಗು, ಹಿಂದೆಯೇ ಬರುತ್ತೇನೆ ಎಂದು ನಾನು ದೊಡ್ಡ ಮನಸ್ಸು ತೋರಿಸಿದೆ. ಇನ್ನೊಂದು ಸಲ ಹೋಗಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ.

"ಹಂಗಾರೆ ಸರಿ," ಎಂದು ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ಅವಳು ಹೋದಳು. ನಾನು ಹಾರ ಹಾಕಿಸಿಕೊಂಡ ಸ್ಕೂಲಿಗೇ ಮತ್ತೆ ಹೋಗಿ ಹಾಜರಿ ಹಾಕಿದೆ. ಕೊಟ್ಟ ಸೂಟ್‌ಕೇಸನ್ನು ಏನು ಮಾಡುವುದೆಂದು ಸ್ಟಾಫ್ ರೂಮಿನಲ್ಲಿ ಗಂಭೀರ ಚರ್ಚೆ ನಡೆಯಿತು. ಬೀಳ್ಕೊಡುಗೆ ರದ್ದಾಗಿಲ್ಲ, ಮುಂದಕ್ಕೆ ಹೋಗಿದೆ ಎಂದು ಹೆಡ್ಮಾಸ್ಟರು ತೀರ್ಪು ಕೊಟ್ಟರು. ರೈಲಿನಲ್ಲಿ, ಹೋಟೆಲಿನಲ್ಲಿ, ಎಲ್ಲ ಕಡೆ ಒಂದೇ ಪ್ರಶ್ನೆ, ಇನ್ನೂ ಹೋಗಿಲ್ವಾ ಮೇಷ್ಟ್ರೇ ಎಂದು. ಅವಳು ಬಿಳಿಯನನ್ನು ಕಟ್ಟಿಕೊಂಡಳೆಂದು ಮಂಡ್ಯದವರು ತೀರ್ಮಾನಿಸಿದರು. ಮದ್ದೂರಿನವರು ನನಗೆ ಕ್ಷಯವೆಂದು ಗೊತ್ತುಮಾಡಿ, ಬೆಂಚಿನಲ್ಲಿ ಒಂದು ಮೊಳ ಸರಿದು ಕೂರತೊಡಗಿದರು. ರೈಲಿನಲ್ಲಿ ಜಾಗಕ್ಕೆ ತಾಪತ್ರಯವಾಗಲಿಲ್ಲ.

ರಜೆಗೆ ಹಲಗೂರಿನ ಪಕ್ಕದ ನಮ್ಮ ಹಳ್ಳಿಗೆ ಹೋದರೆ ಅಲ್ಲಿ ಅವ್ವ ಇದ್ದಳು.

"ಎಡ್ತಿನ ಇಮಾನ ಅತ್ಸಿಬುಟ್ಟು ಇಲ್ಲಿ ಮುದ್ದೆ ಮುರೀತಾ ಕೂತಿದ್ದೀಯಲ್ಲ, ನಿಂಗೇನ್ಲಾ ಅನ್ನಾದು?" ಎಂದಳು.

ಸರ್ಕಾರ ಬಿಡಬೇಕಲ್ಲವ್ವ ಎಂದೆ.

"ಅವ್ಳ್ನ ಬುಟ್ಟಿಲ್ವಾ? ಅವ್ಳು ಕೆಲ್ಸಕ್ಕೆ ಬತ್ತಾಳೆ ಅಂತ ಗೊತ್ತು ಕಣ್ಲಾ ಅವ್ರಿಗೆ."

ಹೆಂಡತಿ ಕಾಗದ ಬರೆಯುತ್ತಿದ್ದಳು. ರಜೆ ಸಿಕ್ಕಾಗಲೆಲ್ಲ ಅಲ್ಲಿನ ವಲಸೆ ಕಚೇರಿಗೆ ಹೋಗಿ ನನ್ನ ಫೈಲಿನ ಬಗ್ಗೆ ಕೇಳುತ್ತಿದ್ದಳಂತೆ. ಒಬ್ಬ ಅಧಿಕಾರಿ, ಇಷ್ಟು ಕಾಯುವಂಥ ಗಂಡನೇ ಎಂದು ಕೇಳಿದನಂತೆ. ನೀನೇನು ಹೇಳಿದೆ ಎಂದು ನಾನು ಬರೆದೆ. ಮುಂದಿನ ಕಾಗದದಲ್ಲಿ ಅಲ್ಲಿನ ಚಳಿಯ ವಿಷಯ ಬರೆದಿದ್ದಳು.

ನಾನು ಮತ್ತೆರಡು ಸಲ ಮದ್ರಾಸಿಗೆ ಹೋಗಿ ಎದೆ ತೋರಿಸಿ ಬಂದೆ. ಕಲೆ ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು. ಹಾಗಾಗಿ ಅದು ಹಳೆಯದೇ ಎಂದು ಕೊನೆಗೆ ಅವರೂ ಕಂಡುಕೊಂಡು ಮೊಹರು ಒತ್ತಿದರು. ಸ್ಕೂಲಿಗೆ ಹೋಗಿ ನಾಳೆ ಹೊರಡುತ್ತೇನೆ ಎಂದೆ. ಯಾರೂ ನಂಬಲಿಲ್ಲ. ಡ್ರಿಲ್ ಮೇಷ್ಟ್ರು ಮಾತ್ರ, ಸೋಮವಾರ ನಿಮಗೆ ಮೊದಲನೇ ಪೀರಿಯಡ್ ಇದೆ, ಮರೀಬೇಡಿ ಎಂದರು.

ಅಮೆರಿಕದಲ್ಲಿ ವಿಮಾನ ನಿಲ್ದಾಣಕ್ಕೆ ಅವಳು ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು. ಕಾಲಲ್ಲಿ ಬೂಟು, ಮೈಮೇಲೆ ಮೊಣಕಾಲು ಮುಟ್ಟುವ ಕೋಟು. ಕನ್ನಡಕವನ್ನೂ ಬದಲಾಯಿಸಿದ್ದಳು. ಟ್ಯಾಕ್ಸಿಯವನ ಜೊತೆ ಅವಳೇ ಮಾತಾಡಿದಳು, ದುಡ್ಡು ಅವಳೇ ಕೊಟ್ಟಳು. ನಾನು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮಾರನೆಯ ದಿನ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಲೆ ಹಚ್ಚುವುದನ್ನು ತೋರಿಸಿದಳು. ಯಾರು ಬಂದರೂ ಬಾಗಿಲು ತೆಗೆಯಬೇಡಿ, ಹೊರಗೆ ಹೋದರೆ ಕೀಲಿ ಮರೆಯಬೇಡಿ, ಬರುವ ಹೊತ್ತಿಗೆ ಅನ್ನ ಆಗಿದ್ದರೆ ಸಾಕು ಎಂದಳು. ಮದುವೆಯಾದ ಹೊಸತರಲ್ಲಿ ಅವ್ವ ಅವಳಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅವತ್ತು ಅವಳು ತಲೆ ತಗ್ಗಿಸಿ ಹೂಂ ಅಂದಿದ್ದಳು. ನಾನೂ ಹೂಂ ಅಂದು ಅಕ್ಕಿ ಎಲ್ಲಿದೆ ಎಂದು ಕೇಳಿದೆ.