ಮ್ಯಾಟ್ ಕೆಳಗಿನ ಹಿಪ್ಪುನೇರಳೆ ಸೊಪ್ಪು

ಗೌರಿಬಿದನೂರಿನ ಮೆಕ್ಯಾನಿಕ್ ನನ್ನ ಕಾರಿನ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿದ. ಕೆಳಗೆಲ್ಲ ಪಚಪಚ ಒದ್ದೆ. ಜೊತೆಗೆ ಕೊಳೆತ ಹಿಪ್ಪುನೇರಳೆ ಸೊಪ್ಪು.

"ಏನ್ ಸಾರ್, ಕಾರಲ್ಲೇ ಹುಳು ಸಾಕ್ತಿದ್ದೀರಾ?" ಎಂದ.

ನಗು ಬರಲಿಲ್ಲ. ಏಕೆಂದರೆ ನಾನು ಒಬ್ಬ ಹೆಣ್ಣುಮಗಳ ಹೆಸರು ಕೆಡಿಸಿ ಅಷ್ಟರಲ್ಲಾಗಲೇ ಎರಡು ದಿನವಾಗಿತ್ತು.

ಮೊದಲಿನಿಂದ ಹೇಳುತ್ತೇನೆ. ನನ್ನದು ಹದಿನಾಲ್ಕು ವರ್ಷದ ಹಳೆಯ ಕಾರು. (ಈ ಅಂಕಣ ಓದಿ ಮಾರಿಬಿಡಿ ಎನ್ನುವವರಿಗೆಲ್ಲ ವಂದನೆಗಳು.) ಇತ್ತೀಚೆಗೆ ಅದಕ್ಕೊಂದು ಚಾಳಿ ಶುರುವಾಯಿತು. ಓಡುತ್ತ ಓಡುತ್ತ ನಿಂತುಬಿಡುವುದು. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುವುದು. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಹಳದಿ ದೀಪ ಉರಿಯುತ್ತಲೇ ಇತ್ತು.

ಚಿಕ್ಕಬಳ್ಳಾಪುರದಲ್ಲಿ ನಾಗಮಣಿ ಎಂಬಾಕೆ ಇದ್ದಾರೆ. ಐಟಿಐ ಓದಿ, ಕಾರಿನ ದೋಷ ತೋರಿಸುವ ಸ್ಕ್ಯಾನರ್ ಇಟ್ಟುಕೊಂಡು, ಕಾರಿನ ವೈರಿಂಗ್, ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಅಂಗಡಿ ತೆರೆದು ಇನ್ನೂ ವರ್ಷವಾಗಿಲ್ಲ. ನಾನು, ನನ್ನ ಹೆಂಡತಿ ಇಬ್ಬರೂ ಹೋದೆವು. ಆಕೆ ಸ್ಕ್ಯಾನರ್ ಚುಚ್ಚಿ, ಮತ್ತೆ ಮತ್ತೆ ನೋಡಿ ಹುಬ್ಬು ಗಂಟಿಕ್ಕಿದರು.

"ಒಂದ್ಸಲ ಒಂದು ಕೋಡ್ ತೋರಿಸ್ತೈತೆ, ಇನ್ನೊಂದ್ಸಲ ಇನ್ನೊಂದು. ಒಳಗೇನಾದ್ರೂ ನೀರು ಗೀರು ಬಿದ್ದಿತ್ತಾ ಸಾರ್?"

"ಒಂದು ತೊಟ್ಟೂ ಇಲ್ಲಮ್ಮ" ಎಂದೆ.

ಶುದ್ಧ ಸುಳ್ಳು. ದಿಬ್ಬೂರಹಳ್ಳಿಯ ನನ್ನ ತಂಗಿಯ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ, ಎದ್ದಿತ್ತು. ಆಗ ಅವುಗಳ ಹಸಿವು ಎಂಥದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅವರ ತೋಟದ ಸೊಪ್ಪು ಮುಗಿದಿತ್ತು. ಮಂಡಿಕಲ್ಲಿನಿಂದ ತಂದುಕೊಟ್ಟವನು ನಾನು, ಇದೇ ಕಾರಿನಲ್ಲಿ. ಬಾಡದಿರಲೆಂದು ಒದ್ದೆ ಗೋಣಿಚೀಲ ಹೊದಿಸಿ, ಮುಂದಿನ ಸೀಟಿನ ಕಾಲಿಡುವ ಜಾಗಕ್ಕೂ ತುರುಕಿದ್ದೆ. ಈ ಕಾರಿನ ಕಂಪ್ಯೂಟರ್ ಇರುವುದು ಅಲ್ಲೇ ಎಂದು ನನಗೇನು ಗೊತ್ತು?

ಹಾಗಾದರೆ ಸುಳ್ಳೇಕೆ? ಹೊಸ ಸೀಟ್ ಕವರ್ ಹಾಕಿಸಿದ್ದ ಹೆಂಡತಿ, "ಇದ್ರಲ್ಲಿ ಸೊಪ್ಪು ಗಿಪ್ಪು ತುಂಬಿದ್ರೆ ನೋಡಿ ಮತ್ತೆ" ಎಂದಿದ್ದಳು. ಅವಳು ಪಕ್ಕದಲ್ಲೇ ನಿಂತಿದ್ದಳು. ಡಾಕ್ಟರಿಗೂ ಲಾಯರಿಗೂ ಸುಳ್ಳು ಹೇಳಬಾರದು ಎನ್ನುತ್ತಾರೆ. ಆ ಪಟ್ಟಿಯಲ್ಲಿ ಮೆಕ್ಯಾನಿಕ್ ಇರಲಿಲ್ಲ ನೋಡಿ!

ನೀರಿಲ್ಲ ಎಂದ ಮೇಲೆ ನಾಗಮಣಿ ಇಂಜಿನ್ ಕಡೆಯ ವೈರುಗಳನ್ನೇ ಹುಡುಕಿದರು. ಸವೆದಿದ್ದ ಒಂದನ್ನು ಬದಲಿಸಿ, "ಮತ್ತೆ ನಿಂತ್ರೆ ತಗೊಂಡು ಬನ್ನಿ, ನೋಡಣ" ಎಂದರು.

ಮೂರನೇ ದಿನ ಶಿಡ್ಲಘಟ್ಟದ ರಸ್ತೆಯಲ್ಲಿ ಕಾರು ಮತ್ತೆ ನಿಂತಿತು. ಈ ಸಲ ಸ್ಟಾರ್ಟೇ ಆಗಲಿಲ್ಲ. ನೆತ್ತಿಯ ಮೇಲೆ ಬಿಸಿಲು, ಬೆನ್ನ ಹಿಂದೆ ಹಾರ್ನ್. ಆಕೆಗೆ ಒಂದು ಫೋನ್ ಮಾಡಬಹುದಿತ್ತಲ್ಲವೇ? ಮಾಡಲಿಲ್ಲ. ಅಲ್ಲೇ ನಿಂತು ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಬರೆದೆ: "ನಾಗಮಣಿ ಹತ್ತಿರ ಯಾರೂ ಕಾರು ಬಿಡಬೇಡಿ. ಇದ್ದ ಕಂಪ್ಯೂಟರನ್ನೂ ಕೆಡಿಸಿ ಕಳಿಸಿದ್ದಾರೆ. ಹೆಂಗಸರ ಕೈಗೆ ಇಂಜಿನ್ ಕೊಟ್ಟರೆ ಇದೇ ಗತಿ."

ನಗುವ ಮುಖಗಳು ಸಾಲುಗಟ್ಟಿ ಬಂದವು. ನನಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು. (ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.)

ಆಮೇಲೆ ಕಾರನ್ನು ಗೌರಿಬಿದನೂರಿಗೆ ಎಳೆಸಿದೆ. ಎರಡು ದಿನ ಬಿಟ್ಟು ಅಲ್ಲಿನ ಮೆಕ್ಯಾನಿಕ್ ಮ್ಯಾಟ್ ಎತ್ತಿ, ಹಸಿರು ಕಿಲುಬು ಹಿಡಿದ ಕಂಪ್ಯೂಟರಿನ ಕನೆಕ್ಟರನ್ನು ತೊಳೆದು, ಒಣಗಿಸಿ, ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಎದ್ದಿತು.

"ನೀರು ಬಿದ್ದೈತೆ ಅಂತ ಮೊದಲೇ ಬಾಯಿ ಬಿಟ್ಟಿದ್ರೆ, ಯಾರಾದ್ರೂ ಅರ್ಧ ಗಂಟೇಲಿ ಮಾಡ್ಕೊಡ್ತಿದ್ರು ಸಾರ್."

ಮರುದಿನ ಬೆಳಿಗ್ಗೆ ನಾಗಮಣಿಯವರ ಅಂಗಡಿಗೆ ಹೋದೆ. ಒಂದೂ ಕಾರಿರಲಿಲ್ಲ. ಸೊಪ್ಪು, ಸುಳ್ಳು, ಮೆಸೇಜ್, ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ವೈರಿಗೆ ಟೇಪ್ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಬಡಾವಣೆಯವ್ರು ಇಬ್ರು ಗಾಡಿ ವಾಪಸ್ ತಗೊಂಡೋದ್ರು. ಯಾಕೆ ಅಂತ ಕೇಳ್ದೆ. ನಕ್ಕೊಂಡು ಹೋದ್ರು ಸಾರ್."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪಾಯ್ತಮ್ಮ. ಈಗಲೇ ಗ್ರೂಪಲ್ಲಿ ಕ್ಷಮೆ ಕೇಳ್ತೀನಿ" ಎಂದು ಫೋನ್ ತೆಗೆದೆ.

"ಕೇಳಿ ಸಾರ್. ಪೇಪರಲ್ಲೂ ಬರೀರಿ. ಹೆಂಗಸ್ರು ಯಾವ ಕೆಲಸ ಬೇಕಾದ್ರೂ ಮಾಡ್ಬೋದು ಅಂತ ಮಹಿಳಾ ದಿನಕ್ಕೆ ಬರೆದಿದ್ರಲ್ಲ, ಅದೇ ಜಾಗದಲ್ಲಿ."