ಉಳಿಸಿಟ್ಟ ಕೊನೆಯ ತುತ್ತು

ಕಳೆದ ವಾರ ಬ್ರಹ್ಮಾವರದಲ್ಲಿ ಒಂದು ಮದುವೆಯ ಊಟ. ನನ್ನ ಎಲೆ ಬೇಗ ಖಾಲಿಯಾಯಿತು. ಪಂಕ್ತಿಯಲ್ಲಿ ಎಲ್ಲರದೂ ಮುಗಿಯುವವರೆಗೆ ಏಳುವಂತಿಲ್ಲ, ಕೂತೆ. ಬೆರಳಲ್ಲಿ ಒಣಗುತ್ತಿದ್ದ ಸಾಂಬಾರಿನ ವಾಸನೆ ಮೂಗಿಗೆ ಬಂತು. ಬಸ್ರೂರಿನ ನಮ್ಮ ಪಕ್ಕದ ಮನೆಯ ಅಜ್ಜಯ್ಯ ನೆನಪಾದರು...

ಅವರು ಹರೆಯವನ್ನೆಲ್ಲ ಮುಂಬಯಿಯ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಕಳೆದವರು. ಅಲ್ಲಿ ಕೆಲಸದವರ ಊಟ ಅಡುಗೆಕೋಣೆಯ ಮೂಲೆಯಲ್ಲಿ, ನಿಂತುಕೊಂಡು, ಗಿರಾಕಿ ಕರೆಯುವುದರೊಳಗೆ. ಊರಿಗೆ ಮರಳಿದ ಮೇಲೂ ಕೈ ಆ ಅಭ್ಯಾಸ ಬಿಡಲಿಲ್ಲ. ಹೆಂಡತಿ ಬಡಿಸಿ, ತನ್ನ ಬಟ್ಟಲು ತಂದು ಕೂರುವಷ್ಟರಲ್ಲಿ ಅಜ್ಜಯ್ಯ ಕೈತೊಳೆದು ಜಗಲಿಯಲ್ಲಿರುತ್ತಿದ್ದರು. ಅವರ ಮೊಮ್ಮಗಳ ಹಾಗೆ ನಾವೂ ಅಮ್ಮಮ್ಮ ಎಂದೇ ಕರೆಯುತ್ತಿದ್ದ ಆಕೆ ಒಬ್ಬರೇ ಉಣ್ಣುತ್ತಿದ್ದರು, ಗಂಡ ಮುಂಬಯಿಯಲ್ಲಿದ್ದಾಗ ಉಂಡ ಹಾಗೆಯೇ.

ಒಂದು ಭಾನುವಾರ ಅಜ್ಜಯ್ಯ ನಮ್ಮ ಮನೆಗೆ ಬಂದರು. ಮೊಮ್ಮಗಳಿಗೆ ಶಾಲೆಯಲ್ಲಿ 'ಗಾಬಲ್' ಎಂಬ ಇಂಗ್ಲಿಷ್ ಕ್ರಿಯಾಪದ ಬಳಸಿ ವಾಕ್ಯ ಹೇಳಲು ಹೇಳಿದ್ದರು. ಅವಳು ಅಜ್ಜನ ಊಟವನ್ನೇ ಉದಾಹರಣೆ ಕೊಟ್ಟಿದ್ದಳು. ಇಡೀ ತರಗತಿ ನಕ್ಕಿತಂತೆ. ನಾನು ಪತ್ರಿಕೆಯವನು, ಅರ್ಥ ಗೊತ್ತಿರುತ್ತದೆ ಎಂದು ಬಂದಿದ್ದರು.

"ಬೈಗಳ್ವಾ ಮಗಾ ಅದ್?"

"ಬೈಗಳ್ ಅಲ್ಲ ಅಜ್ಜಯ್ಯ. ಗಡಿಬಿಡಿಯಂಗೆ, ಶಬ್ದ ಮಾಡ್ಕಂಡ್ ನುಂಗುದ್."

ಹೊಗಳುವಾಗ ಬಳಸುವ ಪದವಲ್ಲ ಎಂದೂ ಹೇಳಿದೆ. ದೊಡ್ಡ ಕಂಪೆನಿ ಚಿಕ್ಕದನ್ನು ನುಂಗಿದಾಗ ಇಂಗ್ಲಿಷ್ ಪತ್ರಿಕೆಗಳು ಬರೆಯುವುದು ಇದನ್ನೇ.

ಅಜ್ಜಯ್ಯ ಯೋಚಿಸಿದರು. "ಶಬ್ದ ನಾ ಮಾಡುದಿಲ್ಲೆ. ಗಡಿಬಿಡಿ ಹೌದ್." ಹೊರಡಲು ಎದ್ದವರು, "ಮೊಮ್ಮಗಳ್ ಕಂಡದ್ದನ್ನೇ ಹೇಳಿದ್ದ್. ಅಮ್ಮಮ್ಮ ಒಬ್ಳೇ ಉಂಬುದನ್ನೂ ಕಂಡಿರತ್ತ್..." ಎಂದರು.

ನಿಧಾನವಾಗಿ ಉಣ್ಣಲು ಅವರಿಂದ ಆಗಲೇ ಇಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡರು: ಬಟ್ಟಲಿನಲ್ಲಿ ಕೊನೆಯ ತುತ್ತು ಉಳಿಸಿ, ಹೆಂಡತಿಯ ಊಟ ಮುಗಿಯುವವರೆಗೆ ಕೂರುವುದು. ಅಮ್ಮಮ್ಮ ಛೇಡಿಸುವುದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು.

"ಹ್ವಾಯ್, ಆ ಒಂದ್ ತುತ್ತ್ ಯಾರಿಗ್ ಇಟ್ಕಂಡದ್ದ್? ಕಾ ಕಾ ಅಂಬ ಕಾಕಿಗಾ?"

"ನೀ ಸುಮ್ನೆ ಉಣ್ಣ್. ನಂದಿನ್ನೂ ಮುಗೀಲಿಲ್ಲೆ."

ಅಮ್ಮಮ್ಮ ಬೇಕೆಂದೇ ತಡಮಾಡುತ್ತಿದ್ದರೆಂದು ನನ್ನ ಅನುಮಾನ. ಮಜ್ಜಿಗೆಗೆ ಮತ್ತೆ ಅನ್ನ ಹಾಕಿಕೊಳ್ಳುವರು. ಗಂಡ ಊರಲ್ಲಿಲ್ಲದಾಗಿನ ಸುದ್ದಿಯೆಲ್ಲ ಆಗ ಹೊರಬರುವುದು. ಆ ಮಾತು ಹೆಚ್ಚು ಕಾಲ ಕೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಜ್ವರವೆಂದು ಮಲಗಿದ ಅಮ್ಮಮ್ಮ ಏಳಲಿಲ್ಲ.

ಅವರ ಬೊಜ್ಜದ ದಿನ, ಉತ್ತರಕ್ರಿಯೆಯ ಊಟದಲ್ಲಿ, ನಾನು ಅಜ್ಜಯ್ಯನ ಪಕ್ಕದ ಎಲೆಗೆ ಕೂತಿದ್ದೆ. ಅವರದು ಎಲ್ಲರಿಗಿಂತ ಮೊದಲು ಮುಗಿಯಿತು, ಒಂದು ತುತ್ತಿನ ಹೊರತು. ಉಳಿದವರೆಲ್ಲ ಮುಗಿಸಿದರು. ಅಜ್ಜಯ್ಯ ಆ ತುತ್ತು ಮುಟ್ಟಲಿಲ್ಲ. ಹಿರಿಯರು ಏಳದೆ ಪಂಕ್ತಿ ಏಳುವಂತಿರಲಿಲ್ಲ. ಬಡಿಸುವವನು ಮಜ್ಜಿಗೆಯ ಪಾತ್ರೆ ಹಿಡಿದು ಬಗ್ಗಿದ.

"ನಂದಿನ್ನೂ ಮುಗೀಲಿಲ್ಲೆ," ಎಂದರು ಅಜ್ಜಯ್ಯ.

ಸಾಲಿನಲ್ಲಿ ಎಲ್ಲರ ಕೈ ಒಣಗಿತು. ಕೊನೆಗೆ ಮೊಮ್ಮಗಳು ಬಂದು ಎಲೆಯ ಎದುರು ಕುಕ್ಕರಗಾಲಿನಲ್ಲಿ ಕೂತಳು.

"ಅಜ್ಜಯ್ಯ, ಅಮ್ಮಮ್ಮಂದ್ ಆಯ್ತ್. ನೀವ್ ಉಣ್ಣಿ."

ಅವರು ಅವಳ ಮುಖ ನೋಡಿದರು. ಆ ತುತ್ತನ್ನು ಬಾಯಿಗಿಟ್ಟು, ಬಹಳ ಹೊತ್ತು ಅಗಿದರು. ಅವರು ನಿಧಾನವಾಗಿ ಉಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ಅಜ್ಜಯ್ಯ ಮತ್ತೆ ಅಡುಗೆಕೋಣೆಯಲ್ಲಿ ನಿಂತೇ ಉಣ್ಣತೊಡಗಿದರು. ಈಗ ಅವರೂ ಇಲ್ಲ...

ಮದುವೆಯ ಚಪ್ಪರದಲ್ಲಿ ಪಂಕ್ತಿ ಯಾವಾಗ ಎದ್ದಿತೋ ತಿಳಿಯಲಿಲ್ಲ. ಪಕ್ಕದವರು ಭುಜ ಮುಟ್ಟಿದರು. "ಏಳಿ ಮರಾಯ್ರೆ, ಎಲ್ಲರ್ದೂ ಆಯ್ತ್."

ಎದ್ದೆ.