ಒಳಕ್ಕೆ ತೆರೆಯುವ ಕದ

ದಾಸರಹಳ್ಳಿ ಮೆಟ್ರೋ ನಿಲ್ದಾಣದ ಕೆಳಗೆ ನನ್ನ ಬ್ಯಾಗು ಇಳಿಸುತ್ತಾ ತಮ್ಮ ಮಂಜ ಕೇಳಿದ: "ಗೇಟ್ ಮಾಡೋಕೆ ಪೋಲೆಂಡ್‌ಗೆ ಹೋಗ್ಬೇಕಾ ಅಕ್ಕ? ಪೀಣ್ಯದಲ್ಲಿ ಆರ್ಡರ್ ಕಮ್ಮಿನಾ?" ಪೀಣ್ಯದಲ್ಲಿ ನಮ್ಮದು ಗೇಟು, ಗ್ರಿಲ್ಲು ಮಾಡುವ ಶೆಡ್ಡು. ವ್ಯವಹಾರ ಮಂಜನದು. ನಾನು ಕಲಾಶಾಲೆಗೆ ಹೋಗಿ, ಅದೇ ಕಬ್ಬಿಣದಲ್ಲಿ ಶಿಲ್ಪ ಮಾಡುತ್ತೇನೆಂದು ಹೊರಟವಳು. ಅವನ ಪ್ರಕಾರ ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ, ಶೆಡ್ಡಿನ ಗೇಟಿಗೆ ಗಿರಾಕಿ ಇರುತ್ತಾನೆ.

ಈ ಗೇಟಿಗೂ ಗಿರಾಕಿ ಇದ್ದರು. ಉಕ್ರೇನ್ ಗಡಿಗೆ ಹದಿನೈದು ಕಿಲೋಮೀಟರೂ ಇಲ್ಲದ ಪ್ಶೆಮಿಶ್ಲ್ ಎಂಬ ಊರಿನಲ್ಲಿ, ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಬಾಗಿಲು ಹಾಕಿದ್ದ ಚಪ್ಪಲಿ ಕಾರ್ಖಾನೆಯೊಂದನ್ನು ಕಲಾವಿದರು ಸೇರಿ ಕಲಾಮನೆ ಮಾಡಿಕೊಂಡಿದ್ದರು. ಅವರಿಗೆ ನೆರವು ಕೊಡುವ ಸಂಸ್ಥೆಯದು ಒಂದೇ ಷರತ್ತು: ಬೇರೆ ಬೇರೆ ದೇಶದವರು ಕೂಡಿ ಮಾಡಿದ ಕೆಲಸವಾಗಿರಬೇಕು. ಹಲಗೆ ಹೊಡೆದು ಮುಚ್ಚಿದ್ದ ಮುಂಬಾಗಿಲಿಗೆ ಕಬ್ಬಿಣದ ಜೋಡಿ ಕದ ಬೇಕಿತ್ತು. ಒಂದು ಕದ ನನ್ನದು, ಇನ್ನೊಂದು ಉಕ್ರೇನಿನ ಲ್ವೀವ್ ನಗರದ ಆಂದ್ರೀಯದು. ವರ್ಷದಿಂದ ಫೋನಿನಲ್ಲೇ ನಮ್ಮ ಪರಿಚಯ, ಫೋನಿನಲ್ಲೇ ಜಗಳ.

ದೋಹಾ ಮೇಲೆ ವಾರ್ಸಾ, ಅಲ್ಲಿಂದ ಅರ್ಧ ದಿನ ರೈಲು. ರೈಲಿನಲ್ಲಿ ಒಂದು ಲೋಟ ಚಹಾಕ್ಕೆ ಕೊಟ್ಟ ದುಡ್ಡಿನಲ್ಲಿ ನಮ್ಮಲ್ಲಿ ಮೂವರು ಮಸಾಲೆ ದೋಸೆ ತಿನ್ನಬಹುದಿತ್ತು. ಅದರಲ್ಲಿ ಹಾಲೂ ಇರಲಿಲ್ಲ. ಅಕ್ಟೋಬರಿನ ಜಿಟಿಜಿಟಿ ಮಳೆ. ನಿಲ್ದಾಣದಲ್ಲಿ ಕಲಾಮನೆ ನಡೆಸುವ ಏವಾ ಕೊಡೆ ಹಿಡಿದು ಕಾಯುತ್ತಿದ್ದಳು. ಆಂದ್ರೀ ಬರುವುದಿಲ್ಲ ಎಂಬುದು ಅವಳ ಮೊದಲ ಮಾತು. ಯುದ್ಧ ನಡೆಯುತ್ತಿರುವುದರಿಂದ ಅವನ ವಯಸ್ಸಿನ ಗಂಡಸರು ಗಡಿ ದಾಟುವಂತಿಲ್ಲ. ಕಲೆಯ ಕೆಲಸಕ್ಕೆಂದು ಕೇಳಿದ್ದ ಅನುಮತಿಯೂ ಸಿಗಲಿಲ್ಲವಂತೆ. ದಾಸರಹಳ್ಳಿಯಿಂದ ಗುಬ್ಬಿ ದಾಟಿ ಸ್ವಲ್ಪ ಮುಂದೆ ಹೋದರೆ ಎಷ್ಟಾಗುತ್ತದೋ ಅಷ್ಟೇ ದೂರದಲ್ಲಿ ಅವನಿದ್ದ. ನಾನು ಎರಡು ವಿಮಾನ ಹತ್ತಿ ಬಂದುಬಿಟ್ಟಿದ್ದೆ.

ಎರಡು ವಾರ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ನನ್ನ ಕದ ಕಟ್ಟಿದೆ. ಮಧ್ಯಾಹ್ನಕ್ಕೆ ಒಳಗೆ ಆಲೂಗಡ್ಡೆ ತುಂಬಿದ ಕಡುಬು. ಪಾಪ, ಅದಕ್ಕೆ ಉಪ್ಪು ಬಿಟ್ಟರೆ ಬೇರೆ ರುಚಿ ಗೊತ್ತಿಲ್ಲ; ನಾನು ತಂದ ಚಟ್ನಿಪುಡಿ ಏವಾಳೇ ಮುಕ್ಕಾಲು ಖಾಲಿ ಮಾಡಿದಳು. ಸಂಜೆ ಆಂದ್ರೀಯೊಂದಿಗೆ ಫೋನಿನಲ್ಲಿ ಎತ್ತರ, ಅಗಲ, ತೂಕ, ಚಿಲಕದ ಜಾಗ ಎಲ್ಲ ತಾಳೆ ನೋಡುತ್ತಿದ್ದೆ.

ಅವನ ಕದ ವ್ಯಾನಿನಲ್ಲಿ ಬಂತು. ಅವರ ಅಪಾರ್ಟ್‌ಮೆಂಟಿನ ಮೆಟ್ಟಿಲಿನಿಂದ ತೆಗೆದುಹಾಕಿದ್ದ ಹಳೇ ಕಂಬಿಗಳನ್ನು ಬಗ್ಗಿಸಿ ಮಾಡಿದ್ದ. ಹಿಡಿಯೂ ಅದೇ ಕಂಬಿಯ ತುಂಡು, ಕೈ ಆಡಿ ಆಡಿ ನುಣುಪಾಗಿತ್ತು. ಎಂಥ ಚೆಂದ! ನಾನು ಹೊಟ್ಟೆಕಿಚ್ಚುಪಟ್ಟೆ. ಚೌಕಟ್ಟಿಗೆ ಕೂರಿಸಿದ ಮೇಲೆ ಎಲ್ಲರೂ ಪೆಚ್ಚಾದೆವು. ನನ್ನ ಕದ ಒಳಕ್ಕೆ ತೆರೆಯುತ್ತಿತ್ತು, ಅವನದು ಹೊರಕ್ಕೆ. ಮುಚ್ಚಿದರೆ ನಡುವೆ ಕೈ ತೂರುವಷ್ಟು ಸಂದು, ಚಿಲಕಕ್ಕೆ ಚಿಲಕ ಸಿಗದು. ಮನೆ ಬಾಗಿಲು ಒಳಕ್ಕೆ ತೆರೆಯದೆ ಇನ್ನೆಲ್ಲಿಗೆ ತೆರೆಯುತ್ತದೆ ಎಂದು ನಾನು. ಅವರ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಬಾಗಿಲೂ ಹೊರಕ್ಕೇ ಅಲ್ಲವೇ ಎಂದು ಫೋನಿನಲ್ಲಿ ಅವನು. ವರ್ಷವಿಡೀ ಮಾತಾಡಿದ್ದೆವು, ಇದೊಂದನ್ನು ಇಬ್ಬರೂ ಕೇಳಿರಲಿಲ್ಲ. ಜೊತೆಗೆ ನಿಂತು ಒಂದು ಸಲ ಬಾಗಿಲು ತೆಗೆದಂತೆ ಗಾಳಿಯಲ್ಲಿ ಕೈ ಆಡಿಸಿದ್ದರೂ ಸಾಕಿತ್ತು.

ಉದ್ಘಾಟನೆ ಮರುದಿನ. ಒಂದು ಕದದ ಕೀಲು ಕತ್ತರಿಸಿ ಇನ್ನೊಂದು ಮಗ್ಗುಲಿಗೆ ಬೆಸೆಯಬೇಕಿತ್ತು. ಯಾವುದನ್ನು ಬದಲಿಸಿದರೂ ಕೆಲಸ ಅಷ್ಟೇ.

"ನನ್ನದನ್ನೇ ಕತ್ತರಿಸು," ಎಂದ ಆಂದ್ರೀ. "ನೀನು ಅಲ್ಲಿದ್ದೀಯ, ನಾನಿಲ್ಲ."

ಬೇಡ, ನನ್ನದನ್ನು ಕತ್ತರಿಸುತ್ತೇನೆ ಎಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಬಣ್ಣ ಒಣಗಿದ ನನ್ನ ಕದದ ಮೇಲೆ ನನಗೆ ಅಷ್ಟು ಮೋಹ. ಗ್ರೈಂಡರ್ ಹಿಡಿದು ಅವನದನ್ನೇ ಕತ್ತರಿಸಿದೆ.

ಮರುದಿನ ಅವನ ತಾಯಿ ಬಂದರು. ಹೆಂಗಸರಿಗೆ ಗಡಿ ದಾಟಲು ಅಡ್ಡಿಯಿರಲಿಲ್ಲ. ತಪಾಸಣೆಯ ಸಾಲಿನಲ್ಲಿ ಬೆಳಗಿನ ಹೊತ್ತೆಲ್ಲ ಬಸ್ಸಿನೊಳಗೇ ಕೂತು ಬಂದಿದ್ದರು, ಬ್ಯಾಗಿನಲ್ಲಿ ಗಸಗಸೆ ಹಾಕಿದ ಬನ್ನು. ಏವಾ ಫೋನಿನಲ್ಲಿ ಆಂದ್ರೀಯನ್ನು ತೋರಿಸಿ, ಬಾಗಿಲು ನೀವೇ ತೆಗೆಯಿರಿ ಎಂದಳು. ನನ್ನ ಕದದ ಕಡೆ ಅವರು ನೋಡಲೂ ಇಲ್ಲ. ದಿನಾ ಹಿಡಿದು ಹತ್ತುತ್ತಿದ್ದ ಕಂಬಿ, ಗುರುತು ಸಿಗದೆ ಇರುತ್ತದೆಯೇ? ನೇರ ಹೋಗಿ ಮಗನ ಕದದ ಹಿಡಿ ಹಿಡಿದು ಎಳೆದರು. ಬರಲಿಲ್ಲ. ಬ್ಯಾಗು ಕೆಳಗಿಟ್ಟು ಎರಡೂ ಕೈಯಲ್ಲಿ ಎಳೆದರು. ಸೇರಿದ ಜನ ಇದೂ ಕಾರ್ಯಕ್ರಮವೇ ಇರಬೇಕೆಂದು ಸುಮ್ಮನೆ ನೋಡುತ್ತಿದ್ದರು. ಫೋನಿನಿಂದ ಆಂದ್ರೀ ಮೆಲ್ಲಗೆ ಏನೋ ಹೇಳಿದ. ಒಳಕ್ಕೆ ತಳ್ಳಮ್ಮ ಎಂದನಂತೆ. ಅವರು ತಳ್ಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಬಸ್ಸು ಹತ್ತುವ ಮುನ್ನ ಆಕೆ ನನ್ನ ಕೈ ಹಿಡಿದು ಹೇಳಿದ್ದನ್ನು ಏವಾ ಇಂಗ್ಲಿಷಿಗೆ ತಿರುಗಿಸಿದಳು: "ಗಡಿ ತೆರೆದ ದಿನ ಅವನು ಬರ್ತಾನೆ. ಬಂದವನೂ ಮೊದಲು ಎಳೀತಾನೆ. ಆಗ ನೀನು ಒಳಗಿದ್ದು ತಳ್ಳು ಅಂತ ಹೇಳಮ್ಮ."

ಆಗಲಿ ಎಂದು ತಲೆಯಾಡಿಸಿದೆ. ಬೆಳಿಗ್ಗೆ ಟ್ಯಾಕ್ಸಿಯಿಂದ ತಿರುಗಿ ನೋಡಿದಾಗ ಮಳೆಯಲ್ಲಿ ಬಾಗಿಲು ಮುಚ್ಚಿತ್ತು. ಎರಡೂ ಕದ ಸರಿಯಾಗಿ ಕೂತಿದ್ದವು, ನಡುವೆ ಒಂದಿಷ್ಟೂ ಸಂದಿರಲಿಲ್ಲ. ನಾನು ಊರಿಗೆ ಹೊರಟಿದ್ದೆ.